‘ಹಕಾರ ಕೇಳಿಸಲಿಲ್ಲ’ ಎಂಬ ಹೇಳಿಕೆಯ ಆಧಾರ: ಉಪಭಾಷಾ ಧ್ವನಿಲೇಖನದಲ್ಲಿ ಓಪನ್-ಬ್ಯಾಕ್ ಮತ್ತು ಕ್ಲೋಸ್ಡ್-ಬ್ಯಾಕ್ ಹೆಡ್‌ಫೋನ್‌ಗಳು

ಸಾರಾಂಶ

ಉಪಭಾಷಾ ಅಧ್ಯಯನದ ವರದಿಗಳಲ್ಲಿ ಧ್ವನಿಮುದ್ರಕ ಮತ್ತು ಮೈಕ್ರೋಫೋನ್‌ಗಳ ವಿವರ ಸಾಮಾನ್ಯವಾಗಿ ದೊರೆಯುತ್ತದೆ. ಮುದ್ರಣವನ್ನು ಯಾವ ಸಾಧನದಿಂದ, ಎಂಥ ಕೋಣೆಯಲ್ಲಿ ಆಲಿಸಿ ಲಿಪ್ಯಂತರಿಸಲಾಯಿತು ಎಂಬುದು ವಿರಳವಾಗಿ ದೊರೆಯುತ್ತದೆ. ಉತ್ತಮ ದರ್ಜೆಯ ಓಪನ್-ಬ್ಯಾಕ್ ಮತ್ತು ಕ್ಲೋಸ್ಡ್-ಬ್ಯಾಕ್ ಹೆಡ್‌ಫೋನ್‌ಗಳ ರಚನಾಭೇದವನ್ನು ವಿವರಿಸಿ, ಆ ಭೇದವು ಭಾಷಾವಿಜ್ಞಾನಿಯ ನಿರ್ಣಯಗಳ ಮೇಲೆ ಎಲ್ಲಿ ಪರಿಣಾಮ ಬೀರುತ್ತದೆ, ಎಲ್ಲಿ ಬೀರುವುದಿಲ್ಲ ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಗ್ರಾಮೀಣ ಕನ್ನಡದ ಪದಾದಿ ಹಕಾರಲೋಪವನ್ನು ಮುಖ್ಯ ನಿದರ್ಶನವಾಗಿ ಬಳಸಲಾಗಿದೆ. ಒಂದು ಧ್ವನಿಯ ಅಭಾವವನ್ನು ಕುರಿತ ಹೇಳಿಕೆಯು ಆಲಿಸುವಿಕೆಯ ಪತ್ತೆಮಿತಿಯನ್ನು ತಿಳಿಸದ ಹೊರತು ಪರೀಕ್ಷಾರ್ಹವಾಗುವುದಿಲ್ಲ ಎಂಬುದು ಲೇಖನದ ವಾದ.

ಪ್ರಮುಖ ಪದಗಳು: ಧ್ವನಿಲೇಖನ, ಹಕಾರಲೋಪ, ಮೈಸೂರು ಪ್ರದೇಶದ ಕನ್ನಡ, ಹೆಡ್‌ಫೋನ್, ಪತ್ತೆಮಿತಿ

1. ಪ್ರಸ್ತಾವನೆ

ನಂಜನಗೂಡು ಕನ್ನಡ ಉಪಭಾಷಾ ಅಧ್ಯಯನಕ್ಕೆ ಹೊಸ ಹೆಸರಲ್ಲ. 1960ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪ್ರಕಟಣಾ ಮಾಲೆಯಲ್ಲಿ ಯು. ಪಿ. ಉಪಾಧ್ಯಾಯರು ಇಲ್ಲಿಯ ಒಕ್ಕಲಿಗರ ಮಾತನ್ನು ವಿವರಿಸಿದರು. ಅದೇ ದಶಕದಲ್ಲಿ, 1968ರಲ್ಲಿ, ಜರ್ಮನಿಯ ಸೆನ್‌ಹೈಸರ್ ಸಂಸ್ಥೆಯು ಎಚ್‌ಡಿ 414 ಎಂಬ ಮೊದಲ ಓಪನ್-ಬ್ಯಾಕ್ ಹೆಡ್‌ಫೋನನ್ನು ಮಾರುಕಟ್ಟೆಗೆ ತಂದಿತು. ಈ ಎರಡು ಘಟನೆಗಳಿಗೆ ಪರಸ್ಪರ ಸಂಬಂಧವಿಲ್ಲ. ಆದರೆ ಅಂದಿನಿಂದ ಇಂದಿನವರೆಗೆ ಉಪಭಾಷೆಯನ್ನು ದಾಖಲಿಸುವ ಕೆಲಸವು ವಕ್ತೃವಿನ ಎದುರು ಕುಳಿತು ಬರೆದುಕೊಳ್ಳುವುದರಿಂದ ಧ್ವನಿಮುದ್ರಣವನ್ನು ಮತ್ತೆಮತ್ತೆ ಆಲಿಸುವುದರ ಕಡೆಗೆ ಸರಿದಿದೆ. ಹೀಗೆ ಸರಿದಾಗ ವಕ್ತೃವಿನ ಬಾಯಿಗೂ ಸಂಶೋಧಕರ ಕಿವಿಗೂ ನಡುವೆ ಒಂದು ಸಾಧನ ಬಂದು ನಿಂತಿದೆ. ಆ ಸಾಧನದ ಕೊನೆಯ ಕೊಂಡಿಯೇ ಹೆಡ್‌ಫೋನ್.

ಸಂಗೀತಪ್ರಿಯರ ವಲಯದಲ್ಲಿ ಓಪನ್-ಬ್ಯಾಕ್ ಮತ್ತು ಕ್ಲೋಸ್ಡ್-ಬ್ಯಾಕ್ ಮಾದರಿಗಳ ಹೋಲಿಕೆ ಹಳೆಯ ಚರ್ಚೆ. ಅಲ್ಲಿ ‘ಯಾವುದು ಮೇಲು’ ಎಂಬ ಪ್ರಶ್ನೆ ಸಹಜ. ಭಾಷಾವಿಜ್ಞಾನಿಗೆ ಆ ಪ್ರಶ್ನೆ ಹೆಚ್ಚು ಉಪಯೋಗಕ್ಕೆ ಬಾರದು. ನಮ್ಮ ಕೆಲಸದಲ್ಲಿ ಆಲಿಸುವ ಸಂದರ್ಭಗಳು ಹಲವು. ಒಂದರಲ್ಲಿ ಗುಣವಾದದ್ದು ಇನ್ನೊಂದರಲ್ಲಿ ದೋಷವಾಗುತ್ತದೆ. ಮುಂದಿನ ಭಾಗಗಳಲ್ಲಿ ಈ ಎರಡನ್ನು ಕ್ರಮವಾಗಿ ‘ತೆರೆದ ಮಾದರಿ’ ಮತ್ತು ‘ಮುಚ್ಚಿದ ಮಾದರಿ’ ಎಂದು ಕರೆಯಲಾಗಿದೆ.

2. ರಚನೆ ಮತ್ತು ಅದರ ಪರಿಣಾಮಗಳು

ಹೆಡ್‌ಫೋನಿನ ಒಳಗಿರುವ ಪೊರೆಯು ಕಂಪಿಸಿದಾಗ ಶಬ್ದವು ಕಿವಿಯ ಕಡೆಗೆ ಮಾತ್ರವಲ್ಲ, ಹಿಂಬದಿಗೂ ಹೊಮ್ಮುತ್ತದೆ. ಹಿಂಬದಿಯ ಈ ತರಂಗವನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ದೊರೆತ ಎರಡು ಉತ್ತರಗಳೇ ಈ ಎರಡು ಮಾದರಿಗಳು. ತೆರೆದ ಮಾದರಿಯಲ್ಲಿ ಬಟ್ಟಲಿನ ಹಿಂಭಾಗ ಜಾಲರಿಯಾಗಿದ್ದು, ತರಂಗವು ಹೊರಗೆ ಹೋಗಿಬಿಡುತ್ತದೆ. ಮುಚ್ಚಿದ ಮಾದರಿಯಲ್ಲಿ ಅದು ಬಟ್ಟಲಿನೊಳಗೇ ಉಳಿಯುತ್ತದೆ. ಒಳಗಿನ ಹೀರುವಸ್ತುವು ಅದರ ಒಂದಂಶವನ್ನು ತಗ್ಗಿಸುತ್ತದೆ, ಉಳಿದದ್ದು ಗೋಡೆಗೆ ತಾಗಿ ಪೊರೆಯ ಕಡೆಗೆ ಹಿಂತಿರುಗುತ್ತದೆ.

ಇದರಿಂದ ಮೂರು ಪರಿಣಾಮಗಳು ಉಂಟಾಗುತ್ತವೆ. ಮೊದಲನೆಯದು ಪ್ರತ್ಯೇಕತೆ. ಮುಚ್ಚಿದ ಮಾದರಿಯು ಹೊರಗಿನ ಗದ್ದಲವನ್ನು ತಡೆಯುತ್ತದೆ: ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ ಮಾದರಿಗೆ ತಯಾರಕರು ಸುಮಾರು 18 ಡೆಸಿಬೆಲ್ ತಡೆಯನ್ನೂ, ಸೆನ್‌ಹೈಸರ್ ಎಚ್‌ಡಿ 280 ಪ್ರೊ ಮಾದರಿಗೆ ಗರಿಷ್ಠ 32 ಡೆಸಿಬೆಲ್ ತಡೆಯನ್ನೂ ನಮೂದಿಸುತ್ತಾರೆ. ಈ ತಡೆಯು ಎಲ್ಲ ಆವರ್ತನಗಳಲ್ಲಿ ಸಮನಾಗಿರುವುದಿಲ್ಲ. ಹೆಚ್ಚಿನ ಆವರ್ತನಗಳಲ್ಲಿ ಬಲವಾಗಿದ್ದು, ತಗ್ಗಿನ ಆವರ್ತನಗಳಲ್ಲಿ ದುರ್ಬಲವಾಗಿರುತ್ತದೆ. ಜೀರುಂಡೆಯ ಸದ್ದು ಬಹುಪಾಲು ನಿಲ್ಲುತ್ತದೆ, ಪಂಪ್‌ಸೆಟ್ಟಿನ ಗುಂಯ್‌ಗುಡುವಿಕೆ ಅಷ್ಟಾಗಿ ನಿಲ್ಲುವುದಿಲ್ಲ. ತೆರೆದ ಮಾದರಿಯಲ್ಲಿ ಇಂಥ ತಡೆ ಇಲ್ಲವೆಂದೇ ಹೇಳಬಹುದು.

ಎರಡನೆಯದು ಸೋರಿಕೆ. ತೆರೆದ ಮಾದರಿಯಲ್ಲಿ ಕೇಳುತ್ತಿರುವುದು ಪಕ್ಕದವರಿಗೂ ಕೇಳಿಸುತ್ತದೆ. ಹತ್ತಿರವಿರುವ ಮೈಕ್ರೋಫೋನಿಗೂ ಕೇಳಿಸುತ್ತದೆ.

ಮೂರನೆಯದು ಬಣ್ಣ. ಮುಚ್ಚಿದ ಬಟ್ಟಲಿನೊಳಗಿನ ಪ್ರತಿಫಲನಗಳು ಕೆಲವು ಆವರ್ತನಗಳನ್ನು ಎತ್ತುತ್ತವೆ, ಕೆಲವನ್ನು ತಗ್ಗಿಸುತ್ತವೆ. ಉತ್ತಮ ದರ್ಜೆಯ ಮುಚ್ಚಿದ ಮಾದರಿಗಳ ಬೆಲೆಯ ಒಂದು ಪಾಲು ಈ ಅನುರಣನವನ್ನು ಪಳಗಿಸುವುದಕ್ಕೇ ವ್ಯಯವಾಗುತ್ತದೆ. ಸೆನ್‌ಹೈಸರ್ 2009ರಲ್ಲಿ ತಂದ ತೆರೆದ ಮಾದರಿಯಾದ ಎಚ್‌ಡಿ 800ರ ಪರಂಪರೆಯಲ್ಲಿಯೇ 2018ರಲ್ಲಿ ಎಚ್‌ಡಿ 820 ಎಂಬ ಮುಚ್ಚಿದ ಮಾದರಿಯನ್ನು ತಂದಿತು. ಅದರ ಬಟ್ಟಲಿನ ಹಿಂಭಾಗದಲ್ಲಿ ಬಾಗಿದ ಗಾಜನ್ನು ಅಳವಡಿಸಿ, ಹಿಂಬದಿಯ ತರಂಗವು ಪೊರೆಗೆ ಮರಳದೆ ಹೀರುಕೋಶಗಳ ಕಡೆಗೆ ಹೋಗುವಂತೆ ಮಾಡಲಾಗಿದೆ. ಆಡೀಜ಼್ ಸಂಸ್ಥೆಯ ಎಲ್‌ಸಿಡಿ-ಎಕ್ಸ್ ಮತ್ತು ಎಲ್‌ಸಿಡಿ-ಎಕ್ಸ್‌ಸಿ ಕೂಡ ಇಂಥದೇ ತೆರೆದ–ಮುಚ್ಚಿದ ಜೋಡಿ. ಈ ಜೋಡಿಗಳನ್ನು ಗಮನಿಸಿದರೆ, ಮುಚ್ಚಿದ ಮಾದರಿಯಲ್ಲಿ ತೆರೆದ ಮಾದರಿಯ ಸಹಜತೆಯನ್ನು ಸಾಧಿಸುವುದೇ ಎಂಜಿನಿಯರುಗಳ ಗುರಿಯಾಗಿದೆ ಎಂಬುದು ತಿಳಿಯುತ್ತದೆ.

ಬೆಲೆ ಹೆಚ್ಚಾದಷ್ಟೂ ನಿಷ್ಠೆ ಹೆಚ್ಚು ಎಂದು ತೀರ್ಮಾನಿಸುವಂತಿಲ್ಲ. 2017ರಲ್ಲಿ ಯೆರೂನ್ ಬ್ರೇಬಾರ್ಟ್ ಅವರು 283 ಹೆಡ್‌ಫೋನ್‌ಗಳ ಅಳತೆಗಳನ್ನು ವಿಶ್ಲೇಷಿಸಿ, ಆವರ್ತನ ಪ್ರತಿಕ್ರಿಯೆಗೂ ಚಿಲ್ಲರೆ ಬೆಲೆಗೂ ಸಹಸಂಬಂಧ ಕಾಣಲಿಲ್ಲವೆಂದು ತೋರಿಸಿದರು. ಲಕ್ಷ ರೂಪಾಯಿ ದಾಟುವ ಸಾಧನ ವಿಭಾಗಕ್ಕೆ ಬಂದಿಲ್ಲವೆಂದು ಯಾವ ಸಂಶೋಧನಾರ್ಥಿಯೂ ಕೈಚೆಲ್ಲಬೇಕಾಗಿಲ್ಲ.

3. ಎರಡು ಬಗೆಯ ಗದ್ದಲ

ನಂಜನಗೂಡಿನ ಬಳಿ ಹರಿಯುವ ಕಪಿಲೆಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಈ ಎರಡು ತಾಲ್ಲೂಕುಗಳ ನೀರಾವರಿ ಹಳ್ಳಿಗಳಲ್ಲಿ ಮಾತನ್ನು ಮುದ್ರಿಸಿಕೊಳ್ಳುವವರಿಗೆ ಪಂಪ್‌ಸೆಟ್, ಸಂಜೆಯ ಕಪ್ಪೆ–ಜೀರುಂಡೆಗಳು, ದೇವಸ್ಥಾನದ ಧ್ವನಿವರ್ಧಕ, ಟ್ರ್ಯಾಕ್ಟರ್, ಮನೆಯೊಳಗಿನ ಫ್ಯಾನು ಇವೆಲ್ಲ ಪರಿಚಿತ. ಇಲ್ಲಿ ಮುದ್ರಣದೊಳಗೇ ಸೇರಿರುವ ಗದ್ದಲವನ್ನೂ ಆಲಿಸುವ ಕೋಣೆಯ ಗದ್ದಲವನ್ನೂ ಬೇರ್ಪಡಿಸಿ ನೋಡಬೇಕು. ಯಾವ ಹೆಡ್‌ಫೋನೂ ಮೊದಲನೆಯದನ್ನು ತೆಗೆದುಹಾಕಲಾರದು. ಮುಚ್ಚಿದ ಮಾದರಿಯು ಎರಡನೆಯದನ್ನು ಮಾತ್ರ ತಗ್ಗಿಸುತ್ತದೆ. ‘ಮುಚ್ಚಿದ ಹೆಡ್‌ಫೋನಿನಲ್ಲಿ ಮುದ್ರಣ ಸ್ವಚ್ಛವಾಗಿ ಕೇಳುತ್ತದೆ’ ಎಂಬ ಮಾತಿನಲ್ಲಿ ಈ ಎರಡೂ ಬೆರೆತುಹೋಗಿವೆ.

ಉದಾಹರಣೆಗಾಗಿ ಒಂದು ಲೆಕ್ಕ. ಸ್ವರಗಳು 65 ಡೆಸಿಬೆಲ್ ಮಟ್ಟದಲ್ಲಿ ಕೇಳಿಸುವಂತೆ ಧ್ವನಿಯನ್ನು ಹೊಂದಿಸಿದ್ದೇವೆ, ಒಂದು ದುರ್ಬಲ ಉಸಿರುಧ್ವನಿಯು ಸ್ವರಕ್ಕಿಂತ 25 ಡೆಸಿಬೆಲ್ ಕೆಳಗಿದೆ ಎಂದುಕೊಳ್ಳೋಣ. ಅದು 40 ಡೆಸಿಬೆಲ್‌ನಲ್ಲಿ ಕಿವಿಗೆ ತಲುಪುತ್ತದೆ. ಫ್ಯಾನು ತಿರುಗುತ್ತಿರುವ ಕೋಣೆಯ ಗದ್ದಲ 45 ಡೆಸಿಬೆಲ್ ಇದ್ದರೆ, ತೆರೆದ ಮಾದರಿಯಲ್ಲಿ ಆ ಉಸಿರು ಗದ್ದಲದ ಕೆಳಗೆ ಉಳಿಯುತ್ತದೆ. 18 ಡೆಸಿಬೆಲ್ ತಡೆಯುವ ಮುಚ್ಚಿದ ಮಾದರಿಯಲ್ಲಿ ಕೋಣೆಯ ಗದ್ದಲ 27 ಡೆಸಿಬೆಲ್‌ಗೆ ಇಳಿದು, ಉಸಿರು ಅದಕ್ಕಿಂತ 13 ಡೆಸಿಬೆಲ್ ಮೇಲೆ ನಿಲ್ಲುತ್ತದೆ. ವಾಸ್ತವದಲ್ಲಿ ಈ ಹೋಲಿಕೆಯನ್ನು ಪ್ರತಿಯೊಂದು ಆವರ್ತನ ಪಟ್ಟಿಯಲ್ಲೂ ಪ್ರತ್ಯೇಕವಾಗಿ ಮಾಡಬೇಕಾಗುತ್ತದೆ. ಆದರೂ ತತ್ತ್ವ ಇದೇ. ಒಂದೇ ಮುದ್ರಣ, ಒಂದೇ ಕಿವಿ; ‘ಇದೆ’ ಮತ್ತು ‘ಇಲ್ಲ’ ಎಂಬ ಎರಡು ಲಿಪ್ಯಂತರಗಳು.

ಧ್ವನಿಯ ಮಟ್ಟವನ್ನೇ ಏರಿಸಿದರೆ ಆಗದೇ ಎಂದು ಕೇಳಬಹುದು. ಸ್ವಲ್ಪಮಟ್ಟಿಗೆ ಆಗುತ್ತದೆ, ಆದರೆ ಸ್ವರಗಳೂ ಅಷ್ಟೇ ಏರುತ್ತವೆ. ವಯಸ್ಕರಿಗೆ ವಾರಕ್ಕೆ 40 ಗಂಟೆಗಳ ಆಲಿಸುವಿಕೆಗೆ 80 ಡೆಸಿಬೆಲ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಅದರ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಸುರಕ್ಷಿತ ಅವಧಿ ಅರ್ಧವಾಗುತ್ತದೆ. ತಿಂಗಳುಗಟ್ಟಲೆ ಲಿಪ್ಯಂತರ ಮಾಡುವ ಸಂಶೋಧನಾರ್ಥಿಗೆ ಇದು ಕಡೆಗಣಿಸುವ ಮಾತಲ್ಲ.

4. ಪದಾದಿ ಹಕಾರ: ಒಂದು ಅಭಾವದ ಹೇಳಿಕೆ

ಹಳಗನ್ನಡದ ಪದಾದಿ ಪಕಾರವು ಹಕಾರವಾದದ್ದು (ಪಾಲ್ > ಹಾಲು) ಕನ್ನಡದ ಧ್ವನಿಚರಿತ್ರೆಯ ಸುಪರಿಚಿತ ಸಂಗತಿ. ಮೈಸೂರು ಸೀಮೆಯ ಗ್ರಾಮೀಣ ಮಾತಿನಲ್ಲಿ ಈ ಹಕಾರವೂ ಲೋಪವಾಗಿ ಹಾಲು ‘ಆಲು’, ಹಸು ‘ಅಸು’, ಹೋಗು ‘ಓಗು’ ಆಗುತ್ತವೆ. ಹಕ್ಕಿ–ಅಕ್ಕಿ, ಹತ್ತು–ಅತ್ತು, ಹೊತ್ತು–ಒತ್ತು ಮುಂತಾದ ಅಲ್ಪತಮ ಜೋಡಿಗಳು ಸಮಧ್ವನಿಗಳಾಗುವ ಸಾಧ್ಯತೆ ಇಲ್ಲಿದೆ. ವಿವರಣಾತ್ಮಕ ವ್ಯಾಕರಣವು ಇದನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದು: ಈ ಉಪಭಾಷೆಯಲ್ಲಿ ಪದಾದಿಯಲ್ಲಿ ಹಕಾರವಿಲ್ಲ.

ಆ ಒಂದು ಸಾಲಿನಲ್ಲಿ ಕನಿಷ್ಠ ಮೂರು ಬೇರೆಬೇರೆ ಸ್ಥಿತಿಗಳು ಅಡಗಿರಬಹುದು. ಹಕಾರವು ಸಂಪೂರ್ಣವಾಗಿ ಲೋಪಿಸಿರಬಹುದು. ಅದು ಸ್ವರದ ಆರಂಭದಲ್ಲಿ ಉಸಿರುಮಿಶ್ರಿತ ಕಂಪನವಾಗಿ ಕ್ಷೀಣವಾಗಿ ಉಳಿದಿರಬಹುದು. ಅಥವಾ ಒಬ್ಬರೇ ವಕ್ತೃವಿನ ಮಾತಿನಲ್ಲಿ ಸಂದರ್ಭಾನುಸಾರ ಬಂದುಹೋಗುತ್ತಿರಬಹುದು. ಮೊದಲನೆಯದು ಧ್ವನಿಮಾ ವ್ಯವಸ್ಥೆಯ ಬದಲಾವಣೆ. ಎರಡನೆಯದು ಧ್ವನಿರೂಪದ ಬದಲಾವಣೆ. ಮೂರನೆಯದು ಸಾಮಾಜಿಕ ವೈವಿಧ್ಯ. ಈ ಮೂರರ ನಡುವೆ ತೀರ್ಮಾನಿಸುವುದು ಒಂದು ಅತಿ ದುರ್ಬಲ ಧ್ವನಿ ಕೇಳಿಸಿತೋ ಇಲ್ಲವೋ ಎಂಬುದನ್ನು ಅವಲಂಬಿಸಿದೆ.

ಹಕಾರಕ್ಕೆ ತನ್ನದೇ ಆದ ಆಕಾರವಿಲ್ಲ; ಮುಂದಿನ ಸ್ವರದ ಫಾರ್ಮಂಟುಗಳನ್ನೇ ಅದು ಉಸಿರಿನ ಗದ್ದಲದಿಂದ ತುಂಬುತ್ತದೆ. ‘ಆ ಹಾಲು’ ಎಂಬಂತೆ ಎರಡು ಸ್ವರಗಳ ನಡುವೆ ಬಂದಾಗ ಅದು ಘೋಷವಾಗಿ ಇನ್ನೂ ಕ್ಷೀಣಿಸುತ್ತದೆ. ಉಸಿರಿನ ಈ ಸುಳಿವು ಫಾರ್ಮಂಟುಗಳ ಮೇಲಣ ವಲಯದಲ್ಲಿ ಹೆಚ್ಚು ಗ್ರಾಹ್ಯ. ಮುಚ್ಚಿದ ಮಾದರಿಯು ಕೋಣೆಯ ಗದ್ದಲವನ್ನು ಚೆನ್ನಾಗಿ ತಡೆಯುವುದೂ ಅಲ್ಲಿಯೇ. ಆದ್ದರಿಂದ ನಿಶ್ಶಬ್ದ ಕೋಣೆ ಇಲ್ಲದವರಿಗೆ ಈ ಪ್ರಶ್ನೆಯಲ್ಲಿ ಮುಚ್ಚಿದ ಮಾದರಿ ಸ್ಪಷ್ಟವಾಗಿ ಮೇಲು.

ಆದರೆ ಇನ್ನೊಂದು ಸುಳಿವೂ ಇದೆ. ಆಡುಗನ್ನಡದಲ್ಲಿ ಪದಾದಿಯ ಎ, ಒ ಸ್ವರಗಳಿಗೆ ಯಕಾರಾಗಮ, ವಕಾರಾಗಮಗಳಾಗುತ್ತವೆ: ಎಲೆ ‘ಯೆಲೆ’, ಒಂದು ‘ವೊಂದು’. ಹೊತ್ತು ಎಂಬುದು ‘ವೊತ್ತು’ ಎಂದು ಕೇಳಿಸಿದರೆ, ಹಕಾರವು ಹೋಗಿ ಪದವು ಸ್ವರಾದಿಯಾಗಿದೆ ಎಂಬುದಕ್ಕೆ ಅದು ಉಸಿರಿನ ಅಭಾವಕ್ಕಿಂತ ಬಲವಾದ ಸಾಕ್ಷ್ಯ. ಏಕೆಂದರೆ ಅದು ಇರುವುದರ ಸಾಕ್ಷ್ಯ, ಇಲ್ಲದಿರುವುದರ ಸಾಕ್ಷ್ಯವಲ್ಲ. ವಕಾರಾಗಮದ ಸುಳಿವು 1,000 ಹರ್ಟ್ಜ್‌ಗಿಂತ ಕೆಳಗಿನ ವಲಯದಲ್ಲಿರುತ್ತದೆ. ಮುಚ್ಚಿದ ಮಾದರಿಯ ತಡೆ ದುರ್ಬಲಗೊಳ್ಳುವುದೂ, ಮೆತ್ತೆಯು ತಲೆಗೆ ಸರಿಯಾಗಿ ಕೂರದಿದ್ದಾಗ ಅದರ ಧ್ವನಿ ಹೆಚ್ಚು ವ್ಯತ್ಯಾಸಗೊಳ್ಳುವುದೂ ತಗ್ಗಿನ ವಲಯದಲ್ಲಿಯೇ. ಒಂದೇ ಪದದ ಎರಡು ಸುಳಿವುಗಳು ಹೀಗೆ ಸಾಧನದ ಎರಡು ಬೇರೆ ಗುಣಗಳನ್ನು ಕೇಳುತ್ತವೆ.

ಈ ಪ್ರಶ್ನೆಗೆ ಶಾಸ್ತ್ರದ ಹೊರಗೂ ತೂಕವಿದೆ. ಹಾಸನವನ್ನು ‘ಆಸನ’ ಎನ್ನುವವರನ್ನು, ಇಲ್ಲದ ಕಡೆ ಹಕಾರ ಸೇರಿಸಿ ‘ಆದರ’ವನ್ನು ‘ಹಾದರ’ ಮಾಡುವವರನ್ನು ನಗೆಪಾಟಲು ಮಾಡುವುದು ಕನ್ನಡ ಸಮಾಜದಲ್ಲಿ ರೂಢಿಯಾಗಿದೆ. ಹಳ್ಳಿಯ ಮಕ್ಕಳು ತರಗತಿಯಲ್ಲಿ ಇದನ್ನು ಅನುಭವಿಸುತ್ತಾರೆ. ‘ಇವರಿಗೆ ಹಕಾರವೇ ಇಲ್ಲ’ ಎಂಬ ಹೇಳಿಕೆಗೆ ಭಾಷಾವಿಜ್ಞಾನದ ಮುದ್ರೆ ಬಿದ್ದರೆ ಅದು ಪಠ್ಯಪುಸ್ತಕಕ್ಕೂ ಶಿಕ್ಷಕರ ತರಬೇತಿಗೂ ಹೋಗುತ್ತದೆ. ಅದು ಸರಿಯಾಗಿದ್ದರೆ ಹೋಗಲಿ. ಫ್ಯಾನಿನ ಸದ್ದಿನಿಂದ ಹುಟ್ಟಿದ್ದಾಗಿದ್ದರೆ ಹೋಗಬಾರದು.

5. ಮೂರ್ಧನ್ಯಗಳು ಮತ್ತು ಊಷ್ಮಗಳು

ಹಕಾರದ ವಿಷಯದಲ್ಲಿ ಪ್ರತ್ಯೇಕತೆ ಮುಖ್ಯವಾದರೆ, ಲ–ಳ, ನ–ಣ ಭೇದಗಳಲ್ಲಿ ಬಣ್ಣ ಮುಖ್ಯ. ಮೂರ್ಧನ್ಯತೆಯ ಪ್ರಧಾನ ಸುಳಿವು ಮೂರನೆಯ ಫಾರ್ಮಂಟು ಎರಡನೆಯದರ ಸಮೀಪಕ್ಕೆ ಇಳಿಯುವುದು. ಈ ಚಲನೆಯು ನಡೆಯುವ ವಲಯದಲ್ಲಿ ಹೆಡ್‌ಫೋನಿನ ಪ್ರತಿಕ್ರಿಯೆಯು ಏರುಪೇರಾಗಿದ್ದರೆ ಸುಳಿವು ಮಸುಕಾಗಬಹುದು. ನಿಶ್ಶಬ್ದ ಕೋಣೆಯಲ್ಲಿ ಆಲಿಸುವಾಗ ಈ ಕೆಲಸಕ್ಕೆ ಎಚ್‌ಡಿ 600ರಂಥ ಸಮತೋಲನದ ತೆರೆದ ಮಾದರಿಯನ್ನು ಆರಿಸುವುದು ಒಳ್ಳೆಯದು.

ಆದರೆ ಎಲ್ಲ ಬಣ್ಣವೂ ಬಟ್ಟಲಿನಿಂದ ಬರುವುದಿಲ್ಲ. ಬೇಯರ್‌ಡೈನಾಮಿಕ್‌ನ ಮುಚ್ಚಿದ ಡಿಟಿ 770, ತೆರೆದ ಡಿಟಿ 990 ಎರಡರಲ್ಲೂ 8,000 ಹರ್ಟ್ಜ್ ಆಸುಪಾಸಿನಲ್ಲಿ ಏರಿಕೆ ಕಾಣುತ್ತದೆ. ‘ಶಿವ’ವು ‘ಸಿವ’ವಾಗುವ ಮಾತನ್ನು ಲಿಪ್ಯಂತರಿಸುವವರು ಇದನ್ನು ನೆನಪಿಡಬೇಕು: ಸಕಾರದ ಶಕ್ತಿ 4,000 ಹರ್ಟ್ಜ್‌ಗಿಂತ ಮೇಲೆ ಕೇಂದ್ರೀಕೃತವಾಗಿದ್ದು, ಶಕಾರದ್ದು ಅದಕ್ಕಿಂತ ಕೆಳಗೆ ಆರಂಭವಾಗುತ್ತದೆ. ಮೇಲಿನ ವಲಯವನ್ನು ಎತ್ತಿ ತೋರಿಸುವ ಸಾಧನವು ನಡುವಣ ಉಚ್ಚಾರಣೆಯನ್ನು ಸಕಾರದ ಕಡೆಗೆ ವಾಲಿಸಬಹುದು. ಇಂಥಲ್ಲಿ ಕಿವಿಯ ತೀರ್ಮಾನವನ್ನು ಪ್ರಾಟ್ ತಂತ್ರಾಂಶದ ರೋಹಿತಚಿತ್ರದೊಡನೆ ತಾಳೆ ನೋಡುವುದು ಅಗತ್ಯ.

ಸಂಗೀತಪ್ರಿಯರು ತೆರೆದ ಮಾದರಿಯ ವಿಶಾಲವಾದ ‘ಧ್ವನಿವೇದಿಕೆ’ಯನ್ನು ಕೊಂಡಾಡುತ್ತಾರೆ. ಒಂದೇ ಮೈಕ್ರೋಫೋನಿನ ಏಕವಾಹಿ ಮುದ್ರಣದಲ್ಲಿ ಆ ಗುಣದಿಂದ ನಮಗೆ ಲಾಭವಿಲ್ಲ. ಮುಚ್ಚಿದ ಮಾದರಿಯ ಆಳವಾದ ತಗ್ಗುಧ್ವನಿಯೂ ಅಷ್ಟೆ: ಗಂಡಸರ ಮೂಲ ಆವರ್ತನವೇ ಸಾಮಾನ್ಯವಾಗಿ 100 ಹರ್ಟ್ಜ್ ಆಸುಪಾಸಿನಲ್ಲಿರುವಾಗ 30 ಹರ್ಟ್ಜ್‌ನ ನಿಷ್ಠೆಗೆ ಹಣ ತೆರಬೇಕಾಗಿಲ್ಲ.

6. ಅನುಕರಿಸಿ ಕೇಳುವುದು

ಧ್ವನಿವಿಜ್ಞಾನದ ಹಳೆಯ ಹಾಗೂ ಇಂದಿಗೂ ಸಲ್ಲುವ ವಿಧಾನವೊಂದಿದೆ: ಕೇಳಿದ್ದನ್ನು ತಾನೇ ಉಚ್ಚರಿಸಿ, ನಾಲಗೆಯ ನಿಲುವನ್ನು ಗಮನಿಸಿ, ಮತ್ತೆ ಕೇಳುವುದು. ಮುಚ್ಚಿದ ಮಾದರಿಯಲ್ಲಿ ನಮ್ಮ ಧ್ವನಿಯ ಗಾಳಿಯ ಮೂಲಕ ಬರುವ ಮೇಲಿನ ಆವರ್ತನಗಳು ತಡೆಯಲ್ಪಟ್ಟು, ಮೂಳೆಯ ಮೂಲಕ ಬರುವ ತಗ್ಗಿನ ಭಾಗ ಮೇಲುಗೈ ಪಡೆಯುತ್ತದೆ. ಮುದ್ರಣದ ಳಕಾರವನ್ನೂ ನಮ್ಮ ಬಾಯಿಯ ಳಕಾರವನ್ನೂ ಹೋಲಿಸುವುದು ಆಗ ಕಷ್ಟ. ತೆರೆದ ಮಾದರಿಯಲ್ಲಿ ನಮ್ಮ ಧ್ವನಿ ಬಹುಮಟ್ಟಿಗೆ ಸಹಜವಾಗಿಯೇ ಕೇಳಿಸುತ್ತದೆ. ಊರಿನವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಅಜ್ಜಿ ಇಲ್ಲಿ ಏನಂದರು?’ ಎಂದು ಕೇಳುತ್ತ ಲಿಪ್ಯಂತರಿಸುವಾಗಲೂ ಹೀಗೆಯೇ: ಅವರು ನಿಧಾನವಾಗಿ ಮರುನುಡಿದದ್ದು ಹೆಡ್‌ಫೋನ್ ತೆಗೆಯದೆಯೇ ಕಿವಿಗೆ ಬೀಳುತ್ತದೆ. ಮೈಸೂರಿನ ಬೇಸಗೆಯಲ್ಲಿ ನಾಲ್ಕಾರು ಗಂಟೆ ಧರಿಸುವವರಿಗೆ ಗಾಳಿಯಾಡುವ ಬಟ್ಟಲಿನ ಅನುಕೂಲವೂ ಸಣ್ಣದಲ್ಲ; ದಣಿದ ಕಿವಿ ಸುಳಿವುಗಳನ್ನು ಬಿಟ್ಟುಬಿಡುತ್ತದೆ.

7. ಕೆಲಸಕ್ಕೆ ತಕ್ಕ ಆಯ್ಕೆ

ಕ್ಷೇತ್ರದಲ್ಲಿ ಮುದ್ರಿಸುವಾಗ ಮುಚ್ಚಿದ ಮಾದರಿಯೇ ಬೇಕು. ವಕ್ತೃವು ಎದುರಿಗೇ ಮಾತನಾಡುತ್ತಿರುವಾಗ ತೆರೆದ ಮಾದರಿಯಲ್ಲಿ ಅವರ ನೇರಧ್ವನಿಯೂ ಮೈಕ್ರೋಫೋನಿನ ಧ್ವನಿಯೂ ಬೆರೆತು, ಗಾಳಿಯ ಬಡಿತವನ್ನಾಗಲಿ ತಂತಿಯ ಕರಕರವನ್ನಾಗಲಿ ಗುರುತಿಸುವುದು ಕಷ್ಟ. ಸೋನಿ ಎಂಡಿಆರ್-7506ರಂಥ 63 ಓಮ್ ಸಾಧನವನ್ನು ಕೈಯಲ್ಲಿ ಹಿಡಿಯುವ ಧ್ವನಿಮುದ್ರಕವು ಸುಲಭವಾಗಿ ನಡೆಸುತ್ತದೆ. 300 ಓಮ್‌ನ ಎಚ್‌ಡಿ 600ಕ್ಕೆ ಪ್ರತ್ಯೇಕ ಆಂಪ್ಲಿಫೈಯರ್ ಇದ್ದರೆ ಒಳಿತು.

ಲಿಪ್ಯಂತರದಲ್ಲಿ, ನಿಶ್ಶಬ್ದ ಕೋಣೆ ಇದ್ದರೆ ತೆರೆದ ಮಾದರಿ, ಇಲ್ಲದಿದ್ದರೆ ಮುಚ್ಚಿದ ಮಾದರಿ. ಹಕಾರದಂಥ ದುರ್ಬಲ ಧ್ವನಿಗಳಿಗೆ ಎರಡರಲ್ಲೂ ಪ್ರತ್ಯೇಕವಾಗಿ, ಮೊದಲ ಲಿಪ್ಯಂತರವನ್ನು ನೋಡದೆ ಆಲಿಸಿ, ಭಿನ್ನವಾದ ಕಡೆ ‘ಅನಿಶ್ಚಿತ’ ಎಂದು ಗುರುತಿಸುವುದು ಉಚಿತ.

ಹಳ್ಳಿಗಳಲ್ಲಿ ಗ್ರಹಣ ಪ್ರಯೋಗ ನಡೆಸುವಾಗ, ಉದಾಹರಣೆಗೆ ಹಕ್ಕಿ–ಅಕ್ಕಿ ಭೇದವನ್ನು ಕೇಳುಗರು ಗುರುತಿಸುವರೇ ಎಂದು ಪರೀಕ್ಷಿಸುವಾಗ, ಮತ್ತೆ ಮುಚ್ಚಿದ ಮಾದರಿ ಅನಿವಾರ್ಯ. ಇಲ್ಲಿ ಕನ್ನಡಕ, ತುರುಬು, ಓಲೆ–ಜುಮುಕಿಗಳು ಮೆತ್ತೆ ಕೂರದಂತೆ ಮಾಡುತ್ತವೆ. ಓಲೆ ತೆಗೆಯಿರಿ ಎಂದು ಮುತ್ತೈದೆಯರನ್ನು ಕೇಳುವುದು ಮುಜುಗರದ ಮಾತು. ಕಿವಿಯನ್ನು ಪೂರ್ತಿ ಸುತ್ತುವ, ಆಳವಾದ ಬಟ್ಟಲಿನ ಸಾಧನವನ್ನು ಆರಿಸುವುದು ಅದಕ್ಕಿಂತ ಮೇಲು.

8. ಪತ್ತೆಮಿತಿಯನ್ನು ತಿಳಿಸುವುದು

ಸಾಧನ ಯಾವುದೇ ಇರಲಿ, ಅದರ ಮೂಲಕ ನಮ್ಮ ಕಿವಿ ಎಷ್ಟನ್ನು ಹಿಡಿಯಬಲ್ಲದು ಎಂಬುದನ್ನು ಅಳೆಯಬಹುದು. ಅದೇ ವಕ್ತೃವಿನ ಎಚ್ಚರದ ಮಾತಿನಲ್ಲಿ ಸ್ಪಷ್ಟವಾಗಿ ಕೇಳಿಸುವ ಕೆಲವು ಹಕಾರಗಳನ್ನು ಆರಿಸಿ, ಪ್ರಾಟ್‌ನಲ್ಲಿ ಆ ಉಸಿರಿನ ಭಾಗವನ್ನು ಮಾತ್ರ 6 ಡೆಸಿಬೆಲ್‌ಗಳ ಮೆಟ್ಟಿಲುಗಳಲ್ಲಿ ತಗ್ಗಿಸಬೇಕು. ಹೀಗೆ ದೊರೆತ ಪದಗಳನ್ನು ಮೂಲದಲ್ಲೇ ಸ್ವರಾದಿಯಾದ ಪದಗಳೊಡನೆ ಬೆರೆಸಿ, ಲಿಪ್ಯಂತರಕಾರರಿಗೆ ಯಾವುದು ಯಾವುದೆಂದು ತಿಳಿಯದಂತೆ ಕೇಳಿಸಬೇಕು. ಹಕಾರವನ್ನು ಗುರುತಿಸುವುದು ಊಹೆಯ ಮಟ್ಟಕ್ಕೆ ಇಳಿಯುವ ಮೆಟ್ಟಿಲೇ ಆ ಸಾಧನ, ಆ ಕೋಣೆ, ಆ ಕಿವಿಗಳ ಪತ್ತೆಮಿತಿ. ಅರ್ಧ ದಿನದ ಈ ಕೆಲಸಕ್ಕೆ ವಿಶೇಷ ಪ್ರಯೋಗಾಲಯ ಬೇಕಿಲ್ಲ.

ಇದರೊಡನೆ ವರದಿಯಲ್ಲಿ ಹೆಡ್‌ಫೋನಿನ ಮಾದರಿ, ಅದು ತೆರೆದದ್ದೋ ಮುಚ್ಚಿದ್ದೋ, ಆಂಪ್ಲಿಫೈಯರ್ ಇತ್ತೇ, ಕೋಣೆಯ ಗದ್ದಲದ ಮಟ್ಟ, ಆಲಿಸಿದ ಮಟ್ಟ, ಎಷ್ಟು ಜನ ಸ್ವತಂತ್ರವಾಗಿ ಆಲಿಸಿದರು ಎಂಬಿಷ್ಟನ್ನು ನಮೂದಿಸಿದರೆ ಸಾಕು. ಎಲ್ಲ ಸೇರಿ ಮೂರು ಸಾಲು.

9. ಉಪಸಂಹಾರ

ತೆರೆದ ಮಾದರಿಯು ಬಣ್ಣ ಕಡಿಮೆ ಬೆರೆಸುತ್ತದೆ, ಕೋಣೆಯನ್ನು ಒಳಗೆ ಬಿಡುತ್ತದೆ. ಮುಚ್ಚಿದ ಮಾದರಿಯು ಕೋಣೆಯನ್ನು ಹೊರಗಿಡುತ್ತದೆ, ತನ್ನ ಬಟ್ಟಲಿನ ಬಣ್ಣವನ್ನು ಸೇರಿಸುತ್ತದೆ. ಮೂರ್ಧನ್ಯತೆಯಂಥ ಗುಣಭೇದದ ಪ್ರಶ್ನೆಗಳಿಗೆ ಮೊದಲನೆಯದೂ, ಹಕಾರದಂಥ ಇರವಿನ ಪ್ರಶ್ನೆಗಳಿಗೆ ಎರಡನೆಯದೂ ಹೆಚ್ಚು ಒದಗುತ್ತವೆ. ಒಂದನ್ನೇ ಕೊಳ್ಳಬಹುದಾದ ಸಂಶೋಧನಾರ್ಥಿಗೆ ಈ ಲೇಖನದ ಸಲಹೆ ಸಾಧಾರಣ ಬೆಲೆಯ ಒಳ್ಳೆಯ ಮುಚ್ಚಿದ ಮಾದರಿ. ಅದು ಮೂರು ಸಂದರ್ಭಗಳಲ್ಲೂ ಕೆಲಸಕ್ಕೆ ಬರುತ್ತದೆ. ಎರಡನೆಯದನ್ನು ವಿಭಾಗವು ಕೊಂಡು ನಿಶ್ಶಬ್ದ ಕೋಣೆಯಲ್ಲಿ ಇಡಬಹುದು.

‘ಈ ಉಪಭಾಷೆಯಲ್ಲಿ ಹಕಾರವಿಲ್ಲ’ ಎಂಬುದು ಭಾಷೆಯನ್ನು ಕುರಿತ ಮಾತು. ‘ನಮಗೆ ಹಕಾರ ಕೇಳಿಸಲಿಲ್ಲ’ ಎಂಬುದು ಆಲಿಸಿದವರನ್ನು ಕುರಿತ ಮಾತು. ಎರಡನೆಯದರಿಂದ ಮೊದಲನೆಯದಕ್ಕೆ ದಾಟಲು ಪತ್ತೆಮಿತಿಯೇ ಸೇತುವೆ. ಅದನ್ನು ತಿಳಿಸಿದ ವರದಿಯನ್ನು ಮುಂದಿನ ತಲೆಮಾರಿನವರು ಅದೇ ಮುದ್ರಣವನ್ನು ಆಲಿಸಿ ಒಪ್ಪಲೂಬಹುದು, ತಿದ್ದಲೂಬಹುದು. ತಿಳಿಸದ ವರದಿಯನ್ನು ನಂಬಬಹುದು, ಇಲ್ಲವೇ ಬಿಡಬಹುದು, ಅಷ್ಟೆ.